ಫ್ರಾನ್ಸಿನ ತತ್ವಜ್ಞಾನಿಯೂ ನಮ್ಮ ಓಣಿಯ ಗಟಾರವೂ

ನನ್ನ ಚಿಗವ್ವನ ಮಗ್ಗದ ಕುಣಿಯಲ್ಲಿ ಆರು ಮಳೆಗಾಲಗಳಿಂದ ನೀರು ನಿಲ್ಲುತ್ತಿದೆ. ಇದಕ್ಕೆ ಹೊಣೆಗಾರರು ಮೂವರು. ಮನೆಗಳ ಹೊಸ್ತಿಲಿಗಿಂತ ಒಂದು ಗೇಣು ಎತ್ತರಕ್ಕೆ ಗಟಾರ ಕಟ್ಟಿಸಿದ ಎಂಜಿನಿಯರರು ಮೊದಲನೆಯವರು. ಆ ಬಗ್ಗೆ ಕೊಟ್ಟ ಅರ್ಜಿಯಲ್ಲಿ ಗಟಾರವೊಂದನ್ನು ಬಿಟ್ಟು ಉಳಿದದ್ದರ ಕುರಿತು ವಿವರಣೆ ಕೇಳಿದ ಕಚೇರಿ ಎರಡನೆಯದು. ಮೂರನೆಯವಳು ಆ ಅರ್ಜಿಯನ್ನು ಬರೆದವಳು, ಅಂದರೆ ನಾನು. ಮೊದಲಿಬ್ಬರನ್ನು ಕೊನೆಯಲ್ಲಿ ಕ್ರಮಬದ್ಧವಾಗಿ ಪ್ರಶ್ನಿಸುತ್ತೇನೆ. ಅದಕ್ಕೆ ಮುಂಚೆ ಮೂರನೆಯವಳ ವಿಚಾರಣೆ ಆಗಲಿ. ಮೂವರಲ್ಲಿ ಬಾಯಿ ಬಿಡಲು ಸಿದ್ಧಳಿರುವವಳು ಅವಳೊಬ್ಬಳೇ.

ಹುನಗುಂದದಿಂದ ಇಳಕಲ್ಲಿಗೆ ಹೋಗುವ ಹಾದಿಯಿಂದ ತುಸು ಒಳಗೆ ಸರಿದ ಊರು ನಮ್ಮದು. ಓಣಿಯ ಆಚೆ ಈಚೆ ಎಲ್ಲ ಮನೆಗಳಲ್ಲೂ ಸೀರೆಯ ಮಗ್ಗಗಳಿವೆ. ಕುಣಿ ಮಗ್ಗ ನೋಡದವರಿಗಾಗಿ ಒಂದು ಮಾತು: ನೆಲದಲ್ಲಿ ಮೊಳಕಾಲಿನ ಆಳಕ್ಕೆ ಕುಣಿ ತೋಡಿರುತ್ತಾರೆ. ನೇಯುವವರು ಅದರ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾರೆ. ಮೇಲೆ ಕೈ ಲಾಳಿಯನ್ನು ಓಡಿಸುತ್ತದೆ. ಚಿಗವ್ವ, ಅಂದರೆ ನನ್ನ ಅವ್ವನ ತಂಗಿ ಗಂಗವ್ವ, ಮದುವೆಯಾಗಿ ಈ ಓಣಿಗೆ ಬಂದ ವರ್ಷವೇ ಆ ಕುಣಿಗೆ ಕಾಲಿಟ್ಟಳು. ಗಂಡ ತೀರಿಹೋದ ಮೇಲೂ ಕಾಲು ತೆಗೆಯಲಿಲ್ಲ. ಅವಳು ಕೂಡುವ ಕಲ್ಲು ಸವೆದು ಅವಳ ಅಳತೆಗೆ ಒಂದು ತಗ್ಗು ಬಿದ್ದಿತ್ತು. ಚಿಕ್ಕವಳಿದ್ದಾಗ, ಅವಳು ಊಟಕ್ಕೆ ಎದ್ದ ಕೂಡಲೇ ನಾನು ಓಡಿಹೋಗಿ ಆ ತಗ್ಗಿನಲ್ಲಿ ಕೂರುತ್ತಿದ್ದೆ. ಕಲ್ಲು ಬೆಚ್ಚಗಿರುತ್ತಿತ್ತು. ನನ್ನ ಕಾಲು ಹಲಗೆಗೆ ಮುಟ್ಟುತ್ತಿರಲಿಲ್ಲ. ಮುಟ್ಟುವ ವಯಸ್ಸಿಗೆ ನನ್ನನ್ನು ಓದಲು ಕಳಿಸಿದರು.

ಹೋದ ತಿಂಗಳು ಊರಿಗೆ ಹೋದಾಗ ಚಿಗವ್ವ ತನ್ನ ಮನೆಯಲ್ಲಿರಲಿಲ್ಲ. ಪಕ್ಕದ ನೀಲವ್ವನ ಪಡಸಾಲೆಯಲ್ಲಿ ರಾಟಿಯ ಮುಂದೆ ಕೂತು ಅವರ ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂಡುವ ನೂಲಿನ ಸಣ್ಣ ಸುರುಳಿಯೇ ಕಂಡಿಕೆ. ಅದರ ಕೊಳವೆ ಸವೆದು ಸಡಿಲಾದರೆ ಒಳಗೆ ಕಾಗದದ ಚೂರು ತುರುಕಿ ಬಿಗಿ ಮಾಡುವುದು ನಮ್ಮವರ ರೂಢಿ. ಒಂದು ಕಂಡಿಕೆಯಿಂದ ಅರ್ಧ ಹೊರಗೆ ಬಂದಿದ್ದ ಚೂರನ್ನು ನಾನು ಸುಮ್ಮನೆ ಎಳೆದೆ. ಕಾರ್ಬನ್ನಿನ ನೀಲಿ ಅಕ್ಷರಗಳಿದ್ದವು, ನನ್ನದೇ ಕೈಬರಹ. ನಾಲ್ಕು ಪುಟದ ಆ ಅರ್ಜಿಯ ನಕಲಿನಲ್ಲಿ ಉಳಿದದ್ದು ಅಷ್ಟೇ ಚೂರು, ಮತ್ತು ಅದರಲ್ಲಿ ಇಡಿಯಾಗಿ ಉಳಿದಿದ್ದದ್ದು ಒಂದೇ ಶಬ್ದ.

"ಏನು ಓದಾಕ ಹತ್ತೀದಿ?" ಎಂದಳು ಚಿಗವ್ವ, ರಾಟಿ ನಿಲ್ಲಿಸದೆ.

"ಏನಿಲ್ಲ ಚಿಗವ್ವ. ಹಳೇ ಗುರುತಿನವ ಒಬ್ಬ ಸಿಕ್ಕ."

"ಗುರುತಿನವ ಇದ್ರ ಒಳಗ ಹಾಕು. ಅವನಿಲ್ಲದ ಕಂಡಿಕಿ ಸಡ್ಲ ಆಗತೈತಿ."

ಒಳಗೆ ಹಾಕಿದೆ. ಧಾರವಾಡದಿಂದ ವಿಜಾಪುರದವರೆಗೆ ಬರಿದೆ ಅಲೆದ ಆ ಹೆಸರಿಗೆ ಮೊದಲ ಸಲ ಒಂದು ಕೆಲಸ ಸಿಕ್ಕಿತ್ತು.

ಅದು ಫ್ರಾನ್ಸ್ ದೇಶದ ಒಬ್ಬ ತತ್ವಜ್ಞಾನಿಯ ಅಡ್ಡಹೆಸರು, ಅಂದರೆ ಮನೆತನದ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಇನ್ನು ಅದನ್ನು ಬಳಸುವುದಿಲ್ಲ ಎಂದು ಚಿಗವ್ವನಿಗೆ ಮಾತು ಕೊಟ್ಟಿದ್ದೇನೆ. ಯಾಕೆಂಬುದು ಮುಂದೆ ಬರುತ್ತದೆ.

ಎಪ್ಪತ್ತರ ದಶಕದ ಕೊನೆಗೆ ಧಾರವಾಡದಲ್ಲಿ ನಾವು ಎಂ.ಎ. ಓದುತ್ತಿದ್ದಾಗ ಆ ಹೆಸರು ಹೆಸರಾಗಿ ಉಳಿದಿರಲಿಲ್ಲ. ಅದು ಇಂಗ್ಲಿಷಿನ ಒಂದು ಗುಣವಾಚಕವಾಗಿತ್ತು, ಹೊತ್ತು ಬಂದರೆ ಕ್ರಿಯಾಪದವೂ ಆಗುತ್ತಿತ್ತು. ಹಾಸ್ಟೆಲಿನ ಉಪ್ಪಿಟ್ಟು ಗಂಟುಗಟ್ಟಿದ್ದರೆ ಅದಕ್ಕೆ ಆ ಶಬ್ದ. ಪ್ರೇಮಪತ್ರಕ್ಕೆ ಉತ್ತರ ಬಾರದಿದ್ದರೆ ಅದಕ್ಕೂ ಅದೇ. ಬಾದಾಮಿ ಕಡೆಯ ಹಿರಿಯ ವಿದ್ಯಾರ್ಥಿಯೊಬ್ಬರು ತಮ್ಮ ಹರಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಆ ಶಬ್ದವನ್ನು ಉಚ್ಚರಿಸಿದಾಗ ನಾವೆಲ್ಲ ಗಂಭೀರವಾಗಿ ತಲೆಯಾಡಿಸಿದ್ದೆವು. ಆ ತತ್ವಜ್ಞಾನಿಯ ಪುಸ್ತಕವನ್ನು ನಮ್ಮಲ್ಲಿ ಯಾರೂ ಓದಿರಲಿಲ್ಲ. ಗ್ರಂಥಾಲಯದಲ್ಲಿ ಒಂದೇ ಪ್ರತಿ ಇತ್ತು, ಅದು ಯಾವಾಗ ಕೇಳಿದರೂ ಹೊರಗೆ ಹೋಗಿರುತ್ತಿತ್ತು. ಯಾರ ಹತ್ತಿರ ಇದೆಯೆಂದು ವಿಚಾರಿಸುವ ಧೈರ್ಯ ಯಾರಿಗೂ ಇರಲಿಲ್ಲ. ವಿಚಾರಿಸಿದರೆ ಇನ್ನೂ ಓದಿಲ್ಲವೆಂದು ಒಪ್ಪಿಕೊಂಡಂತೆ. ನಮಗೆ ಕಲಿಸಿದವರಿಗೂ ಆ ಧೈರ್ಯ ಇರಲಿಲ್ಲವೆಂದು ಈಗ ಅನ್ನಿಸುತ್ತದೆ. ಅವರ ತರಗತಿಯಲ್ಲೂ ಆ ಹೆಸರು ಸೀಮೆಸುಣ್ಣದಂತೆ ಎಲ್ಲರ ಕೈಗೂ ಹತ್ತುತ್ತಿತ್ತು, ಯಾರ ತಲೆಗೂ ಹತ್ತುತ್ತಿರಲಿಲ್ಲ.

ಒಮ್ಮೆ ರಜೆಗೆ ಊರಿಗೆ ಹೊರಟು, ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗಾಗಿ ಕಾಯುತ್ತ ನಾನೂ ಗೆಳತಿಯೂ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದೆವು. ಬಿಸಿಲು ನೆತ್ತಿಗೆ ಬಂತು, ಬಸ್ಸು ಬರಲಿಲ್ಲ. ನಾನು ಇಂಗ್ಲಿಷಿನಲ್ಲಿ, ಈ ಕಾಯುವಿಕೆ ಎಷ್ಟೊಂದು ಅದು, ಎಂದು ಆ ಹೆಸರು ಹೇಳಿ ನಿಟ್ಟುಸಿರು ಬಿಟ್ಟೆ. ಅಂಗಡಿಯ ಅಜ್ಜ ಕಪ್ಪು ತೊಳೆಯುತ್ತಿದ್ದವನು ತಲೆ ಎತ್ತಿದ.

"ಆ ಊರಿಗೆ ಇಲ್ಲಿಂದ ಬಸ್ಸಿಲ್ಲರಿ ತಂಗಿ. ಬಾದಾಮಿಗೆ ಹೋಗಿ ಕೇಳ್ರಿ."

ಗೆಳತಿ ನಕ್ಕಳು, ನಾನೂ ನಕ್ಕೆ. ಅಜ್ಜ ಹೇಳಿದ್ದು ಅಕ್ಷರಶಃ ನಿಜವೆಂದು ತಿಳಿಯಲು ನನಗೆ ಹಲವು ವರ್ಷ ಬೇಕಾದವು.

ಮನುಷ್ಯರ ಹೆಸರನ್ನು ಶಬ್ದ ಮಾಡಿಕೊಳ್ಳುವುದು ವಿಶ್ವವಿದ್ಯಾಲಯದವರು ಕಂಡುಹಿಡಿದ ವಿದ್ಯೆಯೇನಲ್ಲ. ನಮ್ಮ ಓಣಿಗೂ ಅದು ಗೊತ್ತಿತ್ತು. ನಾನು ಹುಟ್ಟುವ ಮುಂಚೆಯೇ ಅಲ್ಲಿ "ಸಂಗಪ್ಪ ಮಾಡೂದು" ಎಂಬ ಮಾತು ಚಾಲ್ತಿಯಲ್ಲಿತ್ತು. ಅದರ ಹಿಂದೆ ನಮ್ಮ ಕಸುಬಿನದೊಂದು ಪದ್ಧತಿಯಿದೆ. ಇಳಕಲ್ಲ ಸೀರೆಯ ಮೈಯ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ಇದು ಒಬ್ಬರ ಕೈಯಿಂದ ಆಗುವ ಕೆಲಸವಲ್ಲ. ಕೊಂಡಿಗೆ ಕರೆದರೆ ಅಕ್ಕಪಕ್ಕದವರು ಒಲೆಯ ಮೇಲಿನ ರೊಟ್ಟಿಯನ್ನೂ ಇಳಿಸಿ ಬರುತ್ತಾರೆ. ಇಂದು ಅವರ ಮನೆಯದು, ನಾಳೆ ಇವರ ಮನೆಯದು. ನಮ್ಮ ಎದುರು ಮನೆಯ ಸಂಗಪ್ಪ ಕಾಕಾ ಹರೆಯದಲ್ಲಿ, ಕರೆದಾಗಲೆಲ್ಲ "ಬಂದೆ" ಎನ್ನುತ್ತಿದ್ದ, ಬರುತ್ತಿರಲಿಲ್ಲ. ಬರುವುದಿಲ್ಲ ಎಂದಿದ್ದರೆ ಬೇರೆಯವರನ್ನು ಕರೆಯಬಹುದಿತ್ತು. ಬಂದೆ ಎಂದವನಿಗಾಗಿ ಎಳೆ ಹಿಡಿದುಕೊಂಡು ಕೂತವರ ಕೈ ಸೋತವು. ಮಾತು ಕೊಟ್ಟು ಬಾರದೆ ಇರುವುದಕ್ಕೆ ಓಣಿಯೆಲ್ಲ ಅವನ ಹೆಸರನ್ನೇ ಇಟ್ಟಿತು. ಹೆಂಗಸರು ಗಂಡಂದಿರಿಗೆ, ಅವ್ವಂದಿರು ಮಕ್ಕಳಿಗೆ, "ಸಂಗಪ್ಪ ಮಾಡಬ್ಯಾಡ ಮತ್ತ" ಎಂದು ಎಚ್ಚರಿಸತೊಡಗಿದರು.

ಒಂದು ದಿನ ಅವನ ಸ್ವಂತ ಹೆಂಡತಿ, ಮೊಸರು ತರಲು ಹೋಗಿ ತಡಮಾಡಿದ ಮಗಳಿಗೆ ಅವನೆದುರೇ ಅದೇ ಮಾತು ಹೇಳಿದಳಂತೆ. ಕಾಕಾ ಎದ್ದು ಹೊರಬಂದು, ತನ್ನ ಮನೆಯ ಕಟ್ಟೆಯ ಮೇಲೆ ನಿಂತು, ಹಾದುಹೋಗುತ್ತಿದ್ದವರನ್ನೆಲ್ಲ ನಿಲ್ಲಿಸಿದ.

"ನನ್ನ ಹೆಸರು ನನಗ ತಿರುಗಿ ಕೊಡ್ರಿ."

"ನಾವೇನು ಕಟ್ಟಿ ಇಟ್ಟೇವೇನು?" ಎಂದಳಂತೆ ನಮ್ಮ ಅಜ್ಜಿ. "ನೀ ಬಾ. ಅದು ತಾನ ಬರತೈತಿ."

ಮರುದಿನದಿಂದ ಕೊಂಡಿಯ ಮನೆಗೆ ಎಲ್ಲರಿಗಿಂತ ಮುಂಚೆ ಹೋಗಿ ಕೂರುತ್ತಿದ್ದವನು ಸಂಗಪ್ಪ ಕಾಕಾ. ಕರೆಯದ ಮನೆಗೂ ಹೋದ. ವರ್ಷಗಳು ಹಿಡಿದವು, ಆದರೆ ಮಾತು ಸವೆಯಿತು. ನಾನು ಅದನ್ನು ಕೇಳಿದ್ದು ಚಿಕ್ಕವಳಿದ್ದಾಗ ಒಂದೆರಡು ಸಲ ಮಾತ್ರ. ಈಗ ಅವನು ಕಟ್ಟೆಯ ಮೇಲೆ ಎಲೆಯಡಿಕೆ ಹಾಕುತ್ತ ಕೂತಿರುತ್ತಾನೆ. ಅವನ ಹೆಸರು ಅವನೊಬ್ಬನದೇ.

ಈ ಕಟ್ಟೆಯ ಮೇಲೆಯೇ ನನ್ನ ಅರ್ಜಿ ಓಣಿಯವರೆದುರು ಓದಲ್ಪಟ್ಟಿತು.

ಗಟಾರ ಕಟ್ಟಿದ ಮೊದಲ ಮಳೆಗೇ ನೀರು ಹರಿದುಹೋಗುವ ಬದಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಒಳಗೆ ಬಂದ ನೀರಿಗೆ ಕುಣಿಗಿಂತ ಒಳ್ಳೆಯ ಜಾಗ ಎಲ್ಲಿದೆ? ನಮ್ಮ ಸಾಲಿನಲ್ಲಿ ತಗ್ಗಿನ ಮನೆ ಚಿಗವ್ವನದು, ಹಾಗಾಗಿ ಅವಳ ಕುಣಿ ಮೊದಲು ತುಂಬಿತು, ಕೊನೆಗೆ ಒಣಗಿತು. ಹಿರಿಯರು ಗಟಾರ ಕಟ್ಟಿಸಿದ ಕಚೇರಿಗೆ ಹೋಗಿ ಬಾಯಿಮಾತಿನಲ್ಲಿ ಹೇಳಿ ಬಂದರು, ಏನೂ ಆಗಲಿಲ್ಲ. ಆಗ ಎಂ.ಎ. ಮುಗಿಸಿ ಬಂದಿದ್ದ ನನ್ನ ನೆನಪಾಯಿತು.

"ಇಂಗ್ಲಿಷಿನ್ಯಾಗ ಬರಿಯವಾ," ಎಂದರು ಎಲ್ಲರೂ. "ಕನ್ನಡದಾಗ ಕೊಟ್ರ ಓದತಾರ, ಓದಿ ಇಡತಾರ. ಇಂಗ್ಲಿಷ್ ಇದ್ರ ಹೆದರತಾರ."

ನಾನು ಬರೆದೆ, ಒಂದಲ್ಲ, ನಾಲ್ಕು ಪುಟ. ಮೊದಲ ಪುಟದಲ್ಲಿ ಪ್ರಭುತ್ವದ ಸ್ವರೂಪವಿತ್ತು. ಎರಡನೆಯದರಲ್ಲಿ ನೇಕಾರನ ಅಸ್ತಿತ್ವವಿತ್ತು, ಮತ್ತು ಅದನ್ನು ಬಣ್ಣಿಸಲು ಆ ಫ್ರೆಂಚ್ ಹೆಸರು ಗುಣವಾಚಕವಾಗಿ ಹೊಳೆಯುತ್ತಿತ್ತು. ಗಟಾರ ಬಂದದ್ದು ಮೂರನೆಯ ಪುಟದ ಕೊನೆಗೆ. ಹೊಸ್ತಿಲಿಗಿಂತ ಅದು ಎಷ್ಟು ಎತ್ತರ ಎಂಬುದನ್ನು ಅಳೆಯಲು ನನಗೆ ಹೊಳೆಯಲೇ ಇಲ್ಲ.

ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದೆ. ಎಲ್ಲರೂ ಮೆಚ್ಚಿದರು. ಸಂಗಪ್ಪ ಕಾಕಾ ಮಾತ್ರ ಸುಣ್ಣದ ಬೆರಳನ್ನು ಕಲ್ಲಿಗೆ ಒರೆಸುತ್ತ ಕೇಳಿದ: "ನಡುವ ಒಂದು ಭಾರಿ ಶಬ್ದ ಬಂತಲ್ಲ, ಅದೇನು?"

"ಅದು ಒಬ್ಬ ತತ್ವಜ್ಞಾನಿ ಹೆಸರು, ಕಾಕಾ. ಫ್ರಾನ್ಸಿನವ."

"ಹೆಸರಾ? ಅಂವಗ ಗೊತ್ತೈತೇನು?"

"ಏನು?"

"ತನ್ನ ಹೆಸರು ನಮ್ಮ ಗಟಾರದಾಗ ಐತಿ ಅಂತ."

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಹೆಸರು ಕಳೆದುಕೊಂಡು ಮರಳಿ ಪಡೆದವನಿಗೆ ಅದು ನಗುವ ವಿಷಯವಾಗಿರಲಿಲ್ಲವೆಂದು ಅಂದು ನನಗೆ ತಿಳಿಯಲಿಲ್ಲ. ಗೊತ್ತಿಲ್ಲದವರ ಪ್ರಶ್ನೆ ಎಂದುಕೊಂಡು ಮುಂದಿನ ಪುಟ ತಿರುವಿದೆ.

ಮರುವರ್ಷ ಮಳೆ ಹಿಡಿಯುವ ಹೊತ್ತಿಗೆ ಕಚೇರಿಯಿಂದ ಉತ್ತರ ಬಂತು, ಅದೂ ಕನ್ನಡದಲ್ಲಿ. ಅರ್ಜಿಯ ಎರಡನೆಯ ಪುಟದಲ್ಲಿ ನಮೂದಿಸಿದ ವ್ಯಕ್ತಿಯ ಪೂರ್ಣ ಹೆಸರು, ವಿಳಾಸ ಮತ್ತು ಸದರಿ ಓಣಿಗೂ ಆತನಿಗೂ ಇರುವ ಸಂಬಂಧವನ್ನು ತಿಳಿಸತಕ್ಕದ್ದು ಎಂದಿತ್ತು.

ನಾನು ಕಾಗದ ಹಿಡಿದು ಕಚೇರಿಗೆ ಹೋದೆ. ಗುಮಾಸ್ತರು ಸೌಮ್ಯ ಸ್ವಭಾವದವರು; ಕುರ್ಚಿ ತೋರಿಸಿದರು, ನೀರು ಕೊಟ್ಟರು.

"ಅದು ವ್ಯಕ್ತಿ ಅಲ್ಲರಿ," ಎಂದೆ. "ಅದೊಂದು ಇಂಗ್ಲಿಷ್ ಶಬ್ದ."

"ನಾವೂ ಹಂಗ ತಿಳಿದಿದ್ವಿ ಅಕ್ಕಾರ. ಡಿಕ್ಷನರಿ ತಗದು ನೋಡಿದ್ವಿ, ಸಿಗಲಿಲ್ಲ. ಬಾಗಲಕೋಟಿಗೆ ಹೋದಾಗ ಕಾಲೇಜಿನ ಮಾಸ್ತರೊಬ್ಬರನ್ನ ಕೇಳಿದ್ವಿ. ಮನಷ್ಯಾ ಅಂದ್ರು. ಫ್ರಾನ್ಸ್ ದೇಶದವ ಅಂದ್ರು. ಖರೆ ಹೌದಲ್ರಿ?"

"ಖರೆ. ಆದ್ರ..."

"ಹೊರದೇಶದವನ ಹೆಸರು ಬಂದ ಮ್ಯಾಲೆ ನಮ್ಮ ಮಟ್ಟದಾಗ ಏನೂ ಮಾಡಾಕ ಬರೂದಿಲ್ರಿ. ಫೈಲ್ ವಿಜಾಪುರದ ಜಿಲ್ಲಾ ಕಚೇರಿಗೆ ಹೋಗೈತಿ."

"ಮತ್ತ ಗಟಾರ?"

"ಅದೂ ಅದ ಫೈಲಿನ್ಯಾಗ ಐತಿ."

ಆ ಶಬ್ದಕ್ಕೆ ಗೀಟು ಹಾಕಿ ಕೊಡುತ್ತೇನೆ ಎಂದೆ. ದಾಖಲಾದ ಅರ್ಜಿಗೆ ಗೀಟು ಹಾಕಲು ಬರುವುದಿಲ್ಲವೆಂದರು. ಹೊಸ ಅರ್ಜಿ ಕೊಡುತ್ತೇನೆ ಎಂದೆ. ಹಳೆಯದು ತೀರುವವರೆಗೆ ಅದೇ ವಿಷಯಕ್ಕೆ ಹೊಸದನ್ನು ತೆಗೆದುಕೊಳ್ಳುವುದಿಲ್ಲವೆಂದರು. ಒಂದು ಮಾತಿಗೂ ಅವರು ದನಿ ಏರಿಸಲಿಲ್ಲ. ಅವರ ತರ್ಕದಲ್ಲಿ ನನಗೆ ಒಂದು ಬಿರುಕೂ ಕಾಣಲಿಲ್ಲ. ಉಪ್ಪಿಟ್ಟಿಗೂ ಚಪ್ಪಲಿಗೂ ಒಬ್ಬ ಮನುಷ್ಯನ ಹೆಸರನ್ನು ಅಂಟಿಸಿದ ನಾವೆಲ್ಲ ಪದವೀಧರರು. ಹೆಸರು ಇದ್ದಲ್ಲಿ ಒಬ್ಬ ಮನುಷ್ಯ ಇರಬೇಕೆಂದು ನೆನಪಿಟ್ಟವರು ಅವರೊಬ್ಬರೇ. ಆದರೆ ಇದನ್ನೂ ದಾಖಲಿಸುತ್ತೇನೆ: ಫ್ರಾನ್ಸಿನವನನ್ನು ಹುಡುಕಲು ಬಾಗಲಕೋಟೆಗೆ ಹೋದ ಆ ಕಚೇರಿಗೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿದ್ದ ನಮ್ಮ ಓಣಿಗೆ ಬಂದು ಗಟಾರ ನೋಡಲು ಆಗಲಿಲ್ಲ.

ಮನೆಗೆ ಬಂದಾಗ ಚಿಗವ್ವ ಕುಣಿಯ ನೀರನ್ನು ಚರಗಿಯಿಂದ ಎತ್ತಿ ಕೊಡಕ್ಕೆ ಸುರುವುತ್ತಿದ್ದಳು. ಒಂದು ಕಪ್ಪೆ ಹಲಗೆಯ ಮೇಲೆ ಕೂತಿತ್ತು.

"ನೋಡು, ತುಳಿಯಾಕ ಬಂದೈತಿ," ಎಂದಳು. "ಇದಕ್ಕ ನೇಯೂದು ಕಲಿಸಿ ನಾ ಮ್ಯಾಲ ಕುಂಡರತೇನಿ. ಆ ಕಚೇರಿಯವರು ಏನಂದ್ರು?"

ಹೇಳಿದೆ. ಅವಳು ಚರಗಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮಗ್ಗದ ಮೇಲೆ ನೇಯ್ದು ನಿಲ್ಲಿಸಿದ್ದ ಅಂಚನ್ನು ತೋರಿಸಿದಳು.

"ಈ ಕೆಂಪು ಎಳಿ ಜಗ್ಗಿ ತಗದ್ರ ಏನಾಗತೈತಿ?"

"ಅಂಚು ಹೋಗತೈತಿ."

"ನಿನ್ನ ಅರ್ಜ್ಯಾಗ ಆ ಹೆಸರು ಜಗ್ಗಿ ತಗದ್ರ ಏನು ಹೋಗತೈತಿ?"

ಯೋಚಿಸಿದೆ. ಪ್ರಾಮಾಣಿಕವಾಗಿಯೇ ಯೋಚಿಸಿದೆ. "ಏನೂ ಹೋಗೂದಿಲ್ಲ," ಎಂದೆ.

"ಹಂಗಾರ ಅದನ್ನ ನೀ ನೇದಿಲ್ಲ. ಮ್ಯಾಲ ಇಟ್ಟೀದಿ." ಮತ್ತೆ ಚರಗಿ ಎತ್ತಿಕೊಂಡಳು. "ಇನ್ನ ಅವನ್ನ ಅವನ ಊರಾಗ ಇರಾಕ ಬಿಡು, ಯವ್ವಾ. ಅಂವಗೂ ಮನಿ ಮಾರು ಇರತೈತಿ."

ಎಂ.ಎ.ಗೆ ಕೂತ ಎರಡು ವರ್ಷಗಳಲ್ಲಿ ನನ್ನ ಬರವಣಿಗೆಯ ಮೇಲೆ ಇಂಥ ಒಂದು ವಾಕ್ಯವನ್ನು ಯಾರೂ ಹೇಳಿರಲಿಲ್ಲ. ಅಂದೇ ಮಾತು ಕೊಟ್ಟೆ.

ಆಮೇಲೆ ಕನ್ನಡದಲ್ಲಿ ನಾಲ್ಕು ಸಾಲಿನ ಅರ್ಜಿ ಬರೆದೆ. ಈ ಸಲ ಗೇಣು ಹಿಡಿದು ಅಳೆದೆ. ಹೊಸದನ್ನು ತೆಗೆದುಕೊಳ್ಳುವುದಿಲ್ಲವೆಂದಿದ್ದರಿಂದ ಟಪಾಲಿನಲ್ಲಿ ಕಳಿಸಿದೆ, ಮತ್ತೆ ಕಳಿಸಿದೆ, ಇನ್ನೊಮ್ಮೆ ಕಳಿಸಿದೆ. ಕೊನೆಗೆ ಎಂಜಿನಿಯರ್ ಸಾಹೇಬರಿಂದಲೇ ಗುಮಾಸ್ತರ ಬಾಯಲ್ಲಿ ಸುದ್ದಿ ಬಂತು: ಸೋಮವಾರ ಬಂದು ನೋಡುತ್ತಾರೆ. ಓಣಿಯವರು ಬೆಳಿಗ್ಗೆಯೇ ಕಸ ಗುಡಿಸಿದರು. ಸಂಗಪ್ಪ ಕಾಕಾ ಕಟ್ಟೆಯ ಮೇಲೆ ಜಮಖಾನೆ ಹಾಸಿದ. ಚಿಗವ್ವ ಆ ದಿನ ಬೇಕೆಂದೇ ಕುಣಿಯ ನೀರು ಎತ್ತಲಿಲ್ಲ. ಸಾಹೇಬರು ಕಣ್ಣಾರೆ ನೋಡಲಿ ಎಂದು ಬಿಟ್ಟಿದ್ದಳು. ಅವರು ಬರಲಿಲ್ಲ. ಮುಂದಿನ ಸೋಮವಾರ ಎಂದು ಹೇಳಿಕಳಿಸಿದರು. ಆ ಸೋಮವಾರವೂ ಜಮಖಾನೆ ಹಾಸಲಾಯಿತು.

ಹಲಗೆಗಳು ನೀರು ಕುಡಿದು ಬಾಗಿದವು. ಕಂಬಗಳ ಬುಡ ಕೊಳೆಯಿತು. ಐದನೆಯ ಮಳೆಗಾಲದ ಮೇಲೆ ಮಗ್ಗ ಬಿಚ್ಚಿ ಗೋಡೆಗೆ ಒರಗಿಸಿದರು. ಮಂದಿಯ ಮಗ್ಗಕ್ಕೆ ಕಂಡಿಕೆ ಸುತ್ತುವ ಚಿಗವ್ವನನ್ನು ಕಂಡದ್ದರಿಂದಲೇ ಈ ಬರಹ ಶುರುವಾದದ್ದು. ಅವಳ ಕೈ ಇನ್ನೂ ಗಟ್ಟಿಯಿದೆ. ತನ್ನ ಕುಣಿಗೆ ಮರಳುತ್ತೇನೆಂದು ಅವಳು ನಂಬಿದ್ದಾಳೆ. ಹೊಸ್ತಿಲಿನೊಳಗೆ ಬಿಚ್ಚಿಟ್ಟ ಮಗ್ಗದ ಧೂಳನ್ನು ಪ್ರತಿ ಅಮಾವಾಸ್ಯೆಗೆ ಒರೆಸುತ್ತಾಳೆ.

ಕಂಡಿಕೆಯಲ್ಲಿ ಆ ಚೂರು ಸಿಕ್ಕ ದಿನವೇ ಇನ್ನೊಂದನ್ನೂ ಕೇಳಿದೆ. ನೀಲವ್ವನ ಮನೆಯಲ್ಲಿ ಅಂದು ಸೆರಗು ಕೂಡಿಸುವುದಿತ್ತು. ಅವಳ ಗಂಡ ಹೊರಗೆ ಮಾತಿಗೆ ನಿಂತಿದ್ದ. ಕರೆದರೆ "ಬಂದೆ, ಬಂದೆ" ಎನ್ನುತ್ತಿದ್ದ. ಮೂರನೆಯ ಸಲಕ್ಕೆ ನೀಲವ್ವ ಬಾಗಿಲಿಗೆ ಬಂದು ಹೇಳಿದ ಮಾತಿನಲ್ಲಿ ಸಂಗಪ್ಪನ ಹೆಸರಿರಲಿಲ್ಲ. ಅಲ್ಲಿ ಎಂಜಿನಿಯರ್ ಸಾಹೇಬರ ಅಡ್ಡಹೆಸರು ಇತ್ತು, ಅದರ ಬೆನ್ನಿಗೆ "ಮಾಡಬ್ಯಾಡ್ರಿ ಮತ್ತ" ಎಂದಿತ್ತು. ಯಾರೂ ನಗಲಿಲ್ಲ. ನಗುವ ಹಂತವನ್ನು ಆ ಮಾತು ಎಂದೋ ದಾಟಿತ್ತು. ಗಂಡ ಕೂಡಲೇ ಒಳಗೆ ಬಂದು ಎಳೆ ಹಿಡಿದು ಕೂತ. ಸಂಗಪ್ಪ ಕಾಕಾ ಅವನಿಗಿಂತ ಮುಂಚೆಯೇ ಅಲ್ಲಿ ಕೂತಿದ್ದ. ಅವನ ಕೈ ಮಾತ್ರ ಒಂದು ಕ್ಷಣ ಎಳೆಯ ಮೇಲೆ ನಿಂತಿತು.

"ಪಾಪ," ಎಂದ. "ಅಂವಗ ಇನ್ನೂ ಗೊತ್ತಿಲ್ಲ."

ಆದ್ದರಿಂದ, ಮಾನ್ಯ ಎಂಜಿನಿಯರರೇ, ಇದು ತಮ್ಮ ಗಮನಕ್ಕೆ. ತಮ್ಮ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಹೆಸರುಗಳನ್ನು ಕೇಳದೆ ಬಳಸಿ ಒಮ್ಮೆ ತಪ್ಪು ಮಾಡಿದ್ದೇನೆ. ಆದರೆ ನಮ್ಮ ಓಣಿ ಅದನ್ನು ಬಳಸುತ್ತಿದೆ, ಮತ್ತು ಅಲ್ಲಿ ಅದಕ್ಕೆ ಅರ್ಥ ಬಂದಿದೆ. ಹೊಸ್ತಿಲಿಗಿಂತ ಎತ್ತರಕ್ಕೆ ಗಟಾರ ಕಟ್ಟಲು ಒಪ್ಪಿಗೆ ಕೊಟ್ಟವರು ಯಾರು, ಎರಡು ಸೋಮವಾರ ತಾವು ಬಾರದಿದ್ದದ್ದು ಯಾಕೆ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ. ವಿಜಾಪುರದಲ್ಲಿರುವ ಫೈಲಿನಿಂದ ಆ ಫ್ರೆಂಚ್ ಮನುಷ್ಯನನ್ನು ಬಿಡುಗಡೆ ಮಾಡಿ, ಗಟಾರವನ್ನು ಮಾತ್ರ ಉಳಿಸಿಕೊಳ್ಳಬೇಕೆಂದು ಕಚೇರಿಯನ್ನು ಕೋರುತ್ತೇನೆ. ಆತನ ಪರವಾಗಿ ಎಲ್ಲ ತಪ್ಪನ್ನೂ ನಾನು ಒಪ್ಪಿಕೊಂಡು ಸಹಿ ಮಾಡಲು ಸಿದ್ಧಳಿದ್ದೇನೆ. ಏಳನೆಯ ಮಳೆಗಾಲಕ್ಕೆ ಮುಂಚೆ ಗಟಾರವನ್ನು ಒಡೆದು ತಗ್ಗಿಸಬೇಕು. ಉತ್ತರವನ್ನು ನನ್ನ ಹೆಸರಿಗೆ ಕಳಿಸಬೇಡಿ. ಗಂಗವ್ವನ ಹೆಸರಿಗೆ, ಓದಿ ಹೇಳಿದರೆ ತಿಳಿಯುವಂಥ ಕನ್ನಡದಲ್ಲಿ ಕಳಿಸಿರಿ.

ಅದಕ್ಕಿಂತ ತಾವೇ ಬರುವುದು ಒಳ್ಳೆಯದು. ಯಾವ ವಾರವಾದರೂ ಆಗುತ್ತದೆ. ಸಂಗಪ್ಪ ಕಾಕಾ ಕಟ್ಟೆಯ ಮೇಲೆ ತುಸು ಸರಿದು ಕೂರುತ್ತಾನೆ. ಹೋದ ಹೆಸರನ್ನು ಮರಳಿ ಪಡೆಯುವುದು ಹೇಗೆಂದು ನಮ್ಮ ಭಾಗದಲ್ಲಿ ಗೊತ್ತಿರುವವನು ಅವನೊಬ್ಬನೇ. ತಾವು ಕೇಳಿದರೆ ಹೇಳುತ್ತಾನೆ.